ಗಡಿನಾಡಿನ ಕನ್ನಡ ಶಾಲೆಗೆ ಸಂವಿಧಾನ ಕೊಟ್ಟಿರುವುದೇನು?

ಶಾಲೆಗಳು ತೆರೆಯುವ ದಿನಗಳಲ್ಲಿ ಗಡಿನಾಡಿನ ಹೆತ್ತವರು ನಮ್ಮನ್ನು ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ನೇಮಕಗೊಂಡರೆ ಆಕ್ಷೇಪಿಸುವ ಹಕ್ಕು ನಮಗಿದೆಯೇ? ರಾಜ್ಯಭಾಷೆಯನ್ನು ಕಡ್ಡಾಯ ಮಾಡಿದರೆ ಬೇಡವೆನ್ನಬಹುದೇ? ಮಕ್ಕಳು ಕಡಿಮೆಯೆಂದು ಕನ್ನಡ ವಿಭಾಗವನ್ನು ಮುಚ್ಚಬಹುದೇ? ಕಾಸರಗೋಡಿನಲ್ಲಿ ಕೇಳಿಬರುವ ಈ ಮಾತುಗಳೇ ತಾಳವಾಡಿ, ಅಕ್ಕಲಕೋಟೆ, ಜತ್ತ, ಆದವಾನಿಗಳಲ್ಲಿಯೂ ಕೇಳಿಬರುತ್ತವೆ. ಇವುಗಳಿಗೆ ಉತ್ತರ ಹುಡುಕಬೇಕಾದದ್ದು ಸಂವಿಧಾನದ ಕೆಲವು ವಿಧಿಗಳಲ್ಲಿ ಮತ್ತು ಅವುಗಳನ್ನು ಕುರಿತು ನ್ಯಾಯಾಲಯಗಳು ನೀಡಿರುವ ತೀರ್ಪುಗಳಲ್ಲಿ. ಅವು ಏನನ್ನು ಕೊಡುತ್ತವೆ, ಏನನ್ನು ಕೊಡುವುದಿಲ್ಲ ಎಂಬೆರಡನ್ನೂ ನಾವು ಅರಿತಿರಬೇಕು.

ಅಲ್ಪಸಂಖ್ಯಾತರೆಂದರೆ ಯಾರು?

1956ರ ನವೆಂಬರ್ 1ರ ತನಕ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಕೇರಳದ ಪಾಲಾಯಿತು. ಇಲ್ಲಿಯ ಕನ್ನಡಿಗರು ಊರು ಬಿಟ್ಟು ಬಂದವರಲ್ಲ. ಇದ್ದ ಮನೆಯಲ್ಲಿಯೇ ಇದ್ದು ಬೇರೊಂದು ರಾಜ್ಯದ ಪ್ರಜೆಗಳಾದವರು. ಎಲ್ಲಿ ಗೆರೆ ಎಳೆದರೂ ಒಂದಷ್ಟು ಜನ ಆಚೆಗೆ ಉಳಿಯುತ್ತಾರೆಂಬುದು ಫಜಲ್ ಅಲಿ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗಕ್ಕೂ ತಿಳಿದಿತ್ತು. ಹಾಗಾಗಿಯೇ ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕೆಂದು ಅದು 1955ರ ವರದಿಯಲ್ಲಿ ಶಿಫಾರಸು ಮಾಡಿತು.

ಯಾರು ಅಲ್ಪಸಂಖ್ಯಾತರು ಎಂಬುದನ್ನು ಇಡೀ ದೇಶವನ್ನಲ್ಲ, ಆಯಾ ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಕರ್ನಾಟಕದಲ್ಲಿ ಬಹುಸಂಖ್ಯಾತನಾದ ಕನ್ನಡಿಗ ಕೇರಳದಲ್ಲಿ ಅಲ್ಪಸಂಖ್ಯಾತ. ಕರ್ನಾಟಕದಲ್ಲಿರುವ ಮಲಯಾಳಿಯೂ ಅಂತೆಯೇ. ನಾವು ಇಲ್ಲಿ ಕೇಳುವ ಹಕ್ಕು ಅಲ್ಲಿ ಅವರಿಗೂ ಸಲ್ಲುತ್ತದೆ.

ಮೂಲಭೂತ ಹಕ್ಕುಗಳು: 29 ಮತ್ತು 30

ಸಂವಿಧಾನದ ಮೂರನೆಯ ಭಾಗ ಮೂಲಭೂತ ಹಕ್ಕುಗಳದು. ಅದರ 29ನೆಯ ವಿಧಿಯ ಮೊದಲ ಖಂಡದಂತೆ, ತಮ್ಮದೇ ಆದ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ಯಾವುದೇ ನಾಗರಿಕ ಸಮುದಾಯಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ. ಇಲ್ಲಿ ‘ಅಲ್ಪಸಂಖ್ಯಾತ’ ಎಂಬ ಪದವನ್ನು ಬಳಸದಿರುವುದಕ್ಕೆ ಕಾರಣವನ್ನು ಡಾ. ಅಂಬೇಡ್ಕರ್ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಗೆ ವಿವರಿಸಿದ್ದರು. ಮದರಾಸಿನಿಂದ ಮುಂಬಯಿಗೆ, ಮಹಾರಾಷ್ಟ್ರದಿಂದ ಬಂಗಾಳಕ್ಕೆ ಹೋಗಿ ನೆಲೆಸಿದವರಿಗೂ ಈ ರಕ್ಷಣೆ ದೊರೆಯಲೆಂಬುದು ಅವರ ಆಶಯವಾಗಿತ್ತು. ಹೋಗಿ ನೆಲೆಸಿದವರಿಗೇ ದೊರೆಯುವ ಹಕ್ಕು ತಲೆತಲಾಂತರದಿಂದ ಇದೇ ನೆಲದಲ್ಲಿ ಬಾಳುತ್ತಿರುವವರಿಗೆ ಇಲ್ಲವೆನ್ನಲು ಬರುವುದಿಲ್ಲ. ಇದೇ ವಿಧಿಯ ಎರಡನೆಯ ಖಂಡದ ಪ್ರಕಾರ, ಸರಕಾರ ನಡೆಸುವ ಅಥವಾ ಅದರ ಅನುದಾನ ಪಡೆಯುವ ವಿದ್ಯಾಸಂಸ್ಥೆ ಭಾಷೆಯ ಕಾರಣ ಮಾತ್ರಕ್ಕೆ ಯಾವ ವಿದ್ಯಾರ್ಥಿಗೂ ಪ್ರವೇಶ ನಿರಾಕರಿಸುವಂತಿಲ್ಲ.

‘ಉಳಿಸಿಕೊಳ್ಳುವುದು’ ಎಂದರೆ ಮನೆಯೊಳಗೆ ಮಾತನಾಡಿಕೊಂಡಿರುವುದಷ್ಟೇ ಅಲ್ಲ. ಭಾಷೆಯ ರಕ್ಷಣೆಗಾಗಿ ಚಳವಳಿ ಮಾಡುವುದೂ ಅದರಲ್ಲಿ ಸೇರಿದೆಯೆಂದು ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಭಾಷೆಗಾಗಿ ಶಾಂತಿಯುತವಾಗಿ ಧರಣಿ ಕುಳಿತ ಹೆತ್ತವರನ್ನು ರಾಜ್ಯದ ವಿರೋಧಿಗಳೆಂದು ಯಾರಾದರೂ ಕರೆದರೆ ಈ ತೀರ್ಪನ್ನು ನೆನಪಿಸಬಹುದು.

30ನೆಯ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ. ಅನುದಾನ ನೀಡುವಾಗ ಅವುಗಳಿಗೆ ತಾರತಮ್ಯ ಮಾಡಬಾರದೆನ್ನುತ್ತದೆ. ಆದರೆ ಆಡಳಿತ ನಡೆಸುವ ಹಕ್ಕೆಂದರೆ ಕೆಟ್ಟ ಆಡಳಿತ ನಡೆಸುವ ಹಕ್ಕಲ್ಲವೆಂದು 1958ರಲ್ಲಿಯೇ ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿದೆ.

ಸರಕಾರಿ ಶಾಲೆಗೆ ಅನ್ವಯಿಸುವ 350ಎ

ನಮ್ಮ ಮಕ್ಕಳಲ್ಲಿ ಬಹಳ ಮಂದಿ ಓದುವುದು ಸರಕಾರಿ ಶಾಲೆಗಳಲ್ಲಿ. ಅವರಿಗೆ ಹೆಚ್ಚು ಸಂಬಂಧಿಸಿದ್ದು 1956ರ 7ನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸುವ ಪ್ರಯತ್ನವನ್ನು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಮಾಡತಕ್ಕದ್ದೆಂದು ಅದು ಹೇಳುತ್ತದೆ. ಕಟ್ಟಡವಿದ್ದು, ಫಲಕದ ಮೇಲೆ ಕನ್ನಡವಿದ್ದು, ತರಗತಿಯಲ್ಲಿ ಕನ್ನಡ ಬಲ್ಲ ಶಿಕ್ಷಕರಿಲ್ಲದಿದ್ದರೆ ಅದನ್ನು ‘ಸಾಕಷ್ಟು ಸೌಲಭ್ಯ’ ಎನ್ನಲಾಗದು. ಗಣಿತದ ಸಂದೇಹವನ್ನು ಮಗು ಕನ್ನಡದಲ್ಲಿ ಕೇಳಿದಾಗ ಶಿಕ್ಷಕರಿಗೆ ಅರ್ಥವಾಗದಿದ್ದರೆ ಅಲ್ಲಿ ಕಲಿಕೆ ನಿಲ್ಲುತ್ತದೆ. ನಮ್ಮ ಆಕ್ಷೇಪದ ತಿರುಳು ಇದು. ಯಾವ ಶಿಕ್ಷಕರ ಮೇಲೆಯೂ ನಮಗೆ ವೈಯಕ್ತಿಕ ದ್ವೇಷವಿಲ್ಲ. ಬೋಧನಾ ಮಾಧ್ಯಮವು ಸಾಧ್ಯವಿದ್ದಷ್ಟು ಮಗುವಿನ ಮಾತೃಭಾಷೆಯಾಗಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಸಹ ಹೇಳುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. 350ಎ ಇರುವುದು ಸಂವಿಧಾನದ 17ನೆಯ ಭಾಗದಲ್ಲಿ. ಅದು ಸರಕಾರದ ಕರ್ತವ್ಯವೇ ಹೊರತು ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿದ್ದಲ್ಲ. 32ನೆಯ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದಾದದ್ದು ಮೂಲಭೂತ ಹಕ್ಕುಗಳಿಗಾಗಿ ಮಾತ್ರ. 226ನೆಯ ವಿಧಿಯಡಿ ಹೈಕೋರ್ಟಿನ ಅಧಿಕಾರ ಇನ್ನೂ ವಿಶಾಲವಾದುದು. ಆದುದರಿಂದ ಶಾಲೆಯ ನೇಮಕಾತಿಯಂತಹ ವಿಷಯಗಳಿಗೆ ಹೈಕೋರ್ಟೇ ಸರಿಯಾದ ದಾರಿ.

ರಾಜ್ಯಭಾಷೆಯ ಪ್ರಶ್ನೆ

ಕೇರಳ 2017ರಲ್ಲಿ ಮಲಯಾಳ ಕಲಿಕೆಯನ್ನೂ, ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯನ್ನೂ ಕಡ್ಡಾಯಗೊಳಿಸುವ ಕಾನೂನುಗಳನ್ನು ತಂದವು. ಇಲ್ಲಿ ಎರಡು ತೀರ್ಪುಗಳನ್ನು ಜೊತೆಯಾಗಿ ಓದಬೇಕು. ಪಂಜಾಬಿನಲ್ಲಿ ವಿಶ್ವವಿದ್ಯಾಲಯವೊಂದು ಪಂಜಾಬಿಯೊಂದನ್ನೇ ಮಾಧ್ಯಮವಾಗಿ ಹೇರಿದಾಗ, ಅದು ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕಿಗೆ ಧಕ್ಕೆಯೆಂದು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಹಾರಾಷ್ಟ್ರದ ಅಲ್ಪಸಂಖ್ಯಾತ ಶಾಲೆಗಳಲ್ಲಿ ಮರಾಠಿಯನ್ನು ಒಂದು ವಿಷಯವಾಗಿ ಕಲಿಸಬೇಕೆಂಬ ಆದೇಶವನ್ನು 2004ರ ಉಷಾ ಮೆಹ್ತಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ರಾಜ್ಯಭಾಷೆಯನ್ನು ಒಂದು ವಿಷಯವಾಗಿ ಕಲಿಸುವುದು ಬೇರೆ, ಕನ್ನಡ ಮಾಧ್ಯಮದ ಜಾಗದಲ್ಲಿ ಅದನ್ನು ತಂದು ಕೂರಿಸುವುದು ಬೇರೆ. ಮೊದಲನೆಯದನ್ನು ಪೂರ್ಣವಾಗಿ ನಿರಾಕರಿಸುವುದು ಕಾನೂನಿನ ದೃಷ್ಟಿಯಿಂದ ಕಷ್ಟ. ಎರಡನೆಯದನ್ನು ಒಪ್ಪಬೇಕಾಗಿಲ್ಲ. ಊರಿನ ಪೇಟೆಯಲ್ಲಿ, ಉದ್ಯೋಗದಲ್ಲಿ ರಾಜ್ಯಭಾಷೆ ನಮ್ಮ ಮಕ್ಕಳಿಗೆ ಬೇಕಾಗುತ್ತದೆ ಎಂಬುದನ್ನೂ ನಾವು ಒಪ್ಪಿಕೊಳ್ಳೋಣ.

ಸಂಖ್ಯೆಯ ಮಾತು

1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಅಂಗೀಕರಿಸಿತು. ಪ್ರಾಥಮಿಕ ಶಾಲೆಯೊಂದರಲ್ಲಿ ಒಟ್ಟು 40 ಮಕ್ಕಳು, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ತಮ್ಮ ಮಾತೃಭಾಷೆಯಲ್ಲಿ ಕಲಿಯಬಯಸಿದರೆ ಆ ಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂಬುದೇ ಆ ಸೂತ್ರ. ಭಾಷಾ ಅಲ್ಪಸಂಖ್ಯಾತರ ರಕ್ಷಣೋಪಾಯಗಳಲ್ಲಿ ಇದು ಸೇರಿದೆ. ಸೂತ್ರ ನಮ್ಮ ಪರವಾಗಿದೆ. ಆದರೆ ಅದು ತಲೆಗಳನ್ನು ಎಣಿಸುತ್ತದೆ. ಮಾತೃಭಾಷಾ ಮಾಧ್ಯಮವನ್ನು ಹೇರುವ ಅಧಿಕಾರ ಸರಕಾರಕ್ಕಿಲ್ಲ, ಆಯ್ಕೆ ಮಗುವಿನದು ಮತ್ತು ಹೆತ್ತವರದು ಎಂದು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಆಂಗ್ಲ ಮಾಧ್ಯಮವನ್ನು ಆರಿಸಿಕೊಂಡ ಮನೆಯವರನ್ನು ನಾವು ದೂರುವುದಿಲ್ಲ. ಆದರೆ ಹತ್ತಿದ್ದದ್ದು ಒಂಬತ್ತಾದ ದಿನ ಉಳಿದ ಒಂಬತ್ತು ಮಕ್ಕಳ ಶಿಕ್ಷಕರ ಹುದ್ದೆಯೂ ಅಲುಗಾಡುತ್ತದೆ ಎಂಬುದನ್ನು ದಾಖಲಾತಿಯ ಮೊದಲು ಪ್ರತಿಯೊಬ್ಬರೂ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಹೆತ್ತವರು ಮಾಡಬೇಕಾದದ್ದು

350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸಬಹುದು. ಆದುದರಿಂದ ದೂರನ್ನು ಕನ್ನಡದಲ್ಲಿಯೇ ಬರೆಯಿರಿ. ಕೆಲಸ ಬೇಗನಾಗಲು ರಾಜ್ಯಭಾಷೆಯ ಅನುವಾದವನ್ನು ಜೊತೆಗಿಟ್ಟರೆ ತಪ್ಪೇನೂ ಇಲ್ಲ. ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ. ತರಗತಿ, ಮಕ್ಕಳ ಸಂಖ್ಯೆ, ಖಾಲಿಯಿರುವ ಹುದ್ದೆ, ಎಷ್ಟು ದಿನದಿಂದ ಪಾಠ ನಡೆದಿಲ್ಲ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ, ಶಿಕ್ಷಕ-ರಕ್ಷಕ ಸಂಘದ ಸಭೆಯಲ್ಲಿ ನಿರ್ಣಯ ಮಾಡಿ, ಸ್ವೀಕೃತಿ ಪಡೆದುಕೊಳ್ಳಬೇಕು. ಶಿಕ್ಷಣ ಇಲಾಖೆಯಿಂದ ಪರಿಹಾರ ದೊರೆಯದಿದ್ದರೆ 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಬಹುದು. ಅವರು ರಾಜ್ಯಕ್ಕೆ ಆಜ್ಞೆ ಮಾಡಲಾರರು. ಆದರೆ ಅವರ ವರದಿ ರಾಷ್ಟ್ರಪತಿಗಳಿಗೆ ಹೋಗಿ ಸಂಸತ್ತಿನ ಮುಂದೆ ಮಂಡನೆಯಾಗುತ್ತದೆ. ಮುಂದೆ ಹೈಕೋರ್ಟಿನ ಮೆಟ್ಟಿಲೇರುವ ಸಂದರ್ಭ ಬಂದರೆ ಈ ಅರ್ಜಿಗಳೂ ಸ್ವೀಕೃತಿಗಳೂ ನಮ್ಮ ಮೊದಲ ಸಾಕ್ಷ್ಯವಾಗುತ್ತವೆ.

ಮುಂದಿನ ಶಿಕ್ಷಕ-ರಕ್ಷಕ ಸಭೆಯಲ್ಲಿ ಈ ವಿಧಿಗಳನ್ನು ಒಮ್ಮೆ ಗಟ್ಟಿಯಾಗಿ ಓದಿಸಿರಿ. ತಮ್ಮ ಶಾಲೆಗೆ ಯಾವ ಹಕ್ಕಿದೆಯೆಂಬುದನ್ನು ಏಳನೆಯ ತರಗತಿಯ ಮಕ್ಕಳೂ ತಿಳಿದಿರುವುದು ಒಳ್ಳೆಯದು.