ನಿಮಗಿದು ಗೊತ್ತೇ? ಶತ್ರುವೇ ಸಾಕ್ಷಿ!

● ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು. ಆದರೆ ಅದು ಅನ್ವಯವಾಗುವುದು 1947ರ ಆಗಸ್ಟ್ 15ರಿಂದ. ಕಾಶ್ಮೀರದ ಮೊದಲ ಯುದ್ಧದಲ್ಲಿ ಕಾದಿದವರಿಗೆ ಅದು ದಕ್ಕಿದ್ದು ಹೀಗೆ. ಈವರೆಗೆ ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಮರಣೋತ್ತರ. ನಿಯಮದಲ್ಲೊಂದು ಮಾತಿದೆ: ಸಾಹಸ ನಡೆದಿರಬೇಕಾದದ್ದು ಶತ್ರುವಿನ ಎದುರಿನಲ್ಲಿ. ನಮ್ಮವರ ಕಣ್ಣಿಗೆ ಬೀಳದೇ ಹೋದದ್ದನ್ನು ಆ ಶತ್ರುವೇ ಕಂಡು ಹೇಳಿದ ಪ್ರಸಂಗಗಳೂ ಇವೆ.

● ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಸಂಗವನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದು ಮರಳಿ ಬರಲಿಲ್ಲ. ಏನಾಯಿತೆಂದು ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. 'ಕಾಣೆಯಾಗಿದ್ದಾರೆ' ಎಂಬಲ್ಲಿಗೆ ಕಡತ ನಿಂತಿತು. ಮುಂದೆ 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಕಥೆ ಬರೆದಾಗ ಸಂಗತಿ ಹೊರಬಿತ್ತು. ಶಬ್ದಕ್ಕಿಂತ ದುಪ್ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನವೊಂದನ್ನು ಅಂದು ಭಾರತದ ಒಂದು ಮಿಸ್ಟೇರ್ ಹೊಡೆದುರುಳಿಸಿತ್ತು. ವೇಗದಲ್ಲಿ ಅದಕ್ಕೆ ಎಲ್ಲಿಯೂ ಸಮನಲ್ಲದ ವಿಮಾನ ಮಿಸ್ಟೇರ್! ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್ ಹಿಡಿದು ಬದುಕಿಕೊಂಡರು. ಮರಳಿ ಬಾರದ ಮಿಸ್ಟೇರ್ ದೇವಯ್ಯನವರದೇ. ಪೆಟ್ಟು ತಿಂದ ವಿಮಾನದಲ್ಲಿ ಮನೆಯ ದಾರಿ ಹಿಡಿಯುವ ಬದಲು ಅವರು ತಿರುಗಿ ನಿಂತು ಕಾದಿದ್ದರು. 1988ರಲ್ಲಿ, 23 ವರ್ಷಗಳ ಬಳಿಕ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಎದುರಾಳಿಯ ಕಡೆಯಿಂದ ಆ ಪುಸ್ತಕ ಬಾರದೇ ಇದ್ದಿದ್ದರೆ? ಯೋಚಿಸಿದರೆ ಇಂದಿಗೂ ಎದೆ ಭಾರವಾಗುತ್ತದೆ. ಮಡಿಕೇರಿಯಲ್ಲಿ ಈಗ ಅವರ ಪ್ರತಿಮೆಯಿದೆ.

● 21 ವರ್ಷದ ಅರುಣ್ ಖೇತರಪಾಲ್, ಪೂನಾ ಹಾರ್ಸ್ ರೆಜಿಮೆಂಟ್. 1971ರ ಡಿಸೆಂಬರ್ 16, ಬಸಂತರ್ ಕದನ. ಬೆಂಕಿ ಹತ್ತಿದ ಟ್ಯಾಂಕ್ ಬಿಟ್ಟು ಇಳಿಯೆಂದು ಆದೇಶ ಬಂದರೂ, ತೋಪು ಇನ್ನೂ ಕೆಲಸ ಮಾಡುತ್ತಿದೆಯೆಂದು ಒಪ್ಪಲಿಲ್ಲ, ಅಲ್ಲೇ ಮಡಿದರು. ಪರಮವೀರ ಚಕ್ರ ಬಂತು. 2001ರಲ್ಲಿ ಅವರ ತಂದೆ, ನಿವೃತ್ತ ಬ್ರಿಗೇಡಿಯರ್, ತಾವು ಹುಟ್ಟಿದ ಊರು ಸರಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದರು. ಆದರದಿಂದ ಉಪಚರಿಸಿದ ಆತಿಥೇಯ, ಅಲ್ಲಿಯ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್, ಹೊರಡುವ ಮುನ್ನ ಬಾಯಿಬಿಟ್ಟರು: ನಿಮ್ಮ ಮಗನ ಎದುರು ನಿಂತು ಹೋರಾಡಿದವನು ನಾನೇ, ಅವನು ಸತ್ತದ್ದೂ ನನ್ನ ಕೈಯಲ್ಲೇ.

● ವಾಯುಪಡೆಗೆ ಸಂದಿರುವ ಪರಮವೀರ ಚಕ್ರ ಒಂದೇ ಒಂದು. ಶ್ರೀನಗರದ ಮೇಲೆ ಎರಗಿದ ಆರು ಸೇಬರ್ ವಿಮಾನಗಳನ್ನು ಪುಟ್ಟ ನ್ಯಾಟ್‌ನಲ್ಲಿ ಎದುರಿಸಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರದು (1971ರ ಡಿಸೆಂಬರ್ 14). ಅವರ ಹೋರಾಟವನ್ನು ಮುಂದೆ ಮೆಚ್ಚಿ ಬರೆದವರಲ್ಲಿ ಆ ದಿನ ಅವರನ್ನು ಹೊಡೆದುರುಳಿಸಿದ ಪೈಲಟ್ಟೂ ಒಬ್ಬರು.

● ನಮ್ಮವರೂ ಈ ಋಣ ತೀರಿಸಿದ್ದಾರೆ. 1999ರಲ್ಲಿ ಟೈಗರ್ ಹಿಲ್ ಬಳಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಎಂಬುದು ಹುದ್ದೆಯಲ್ಲ, ಹೆಸರೇ) ಕೊನೆಯುಸಿರಿನವರೆಗೂ ಕಾದಿ ಸತ್ತರು. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜವಾ ಆತನ ಶೌರ್ಯವನ್ನು ಚೀಟಿಯಲ್ಲಿ ಬರೆದು, ಶವದ ಜೇಬಿನಲ್ಲಿಟ್ಟು ಕಳಿಸಿದರು. ಪಾಕಿಸ್ತಾನ ತನ್ನ ಅತ್ಯುನ್ನತ ಗೌರವ ನಿಶಾನ್-ಎ-ಹೈದರ್ ಅನ್ನು ಅವರಿಗೆ ನೀಡಿತು.

● ಅದೇ ಟೈಗರ್ ಹಿಲ್‌ನಲ್ಲಿ ಕಾದಿದ ನಮ್ಮ ಯೋಗೇಂದ್ರ ಸಿಂಗ್ ಯಾದವ್‌ಗೆ ಆಗ 19 ವರ್ಷ. ಮೈತುಂಬ ಗುಂಡು ಹೊಕ್ಕಿದ್ದವು; ಸತ್ತನೆಂದು ಶತ್ರು ಬಿಟ್ಟುಹೋದ. ಪರಮವೀರ ಚಕ್ರ ಮೊದಲು ಮರಣೋತ್ತರವೆಂದೇ ಪ್ರಕಟವಾಯಿತು. ಯಾದವ್ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು!

● ಪರಮವೀರ ಚಕ್ರ ಪಡೆದು ಬದುಕುಳಿದ ಮೊದಲಿಗರು ನಮ್ಮ ಕಾರವಾರ ಸಮೀಪದ ಚೆಂಡಿಯಾದವರು: ರಾಮ ರಾಘೋಬ ರಾಣೆ, ಬಾಂಬೆ ಸ್ಯಾಪರ್ಸ್. ಅವರ ಕೆಲಸ ದಾರಿ ಬಿಡಿಸುವುದು. 1948ರ ಏಪ್ರಿಲ್ 8ರಿಂದ 11ರವರೆಗೆ, ನೌಷೇರಾ–ರಾಜೌರಿ ರಸ್ತೆಯಲ್ಲಿ, ತೊಡೆಗೆ ಗಾಯವಾಗಿದ್ದರೂ ನೆಲಬಾಂಬು ಕಿತ್ತರು, ಅಡ್ಡ ಕೆಡವಿದ್ದ ಮರಗಳನ್ನು ಸ್ಫೋಟಿಸಿ ಸರಿಸಿದರು. ಗುಂಡಿನ ಮಳೆ ಜೋರಾದಾಗ ಟ್ಯಾಂಕಿನ ಅಡಿ ನುಸುಳಿ, ಅದರ ಜೊತೆಗೇ ತೆವಳುತ್ತ, ನಿಲ್ಲು–ನಡೆ ಎಂದು ಚಾಲಕನಿಗೆ ಹಗ್ಗ ಎಳೆದು ಸೂಚಿಸಿದರು. ಬಂದೂಕಿಗಿಂತ ಬರಿಗೈಯೇ ಹೆಚ್ಚು ದುಡಿದ ಇಂಥ ಶೌರ್ಯ ನಮ್ಮ ಶಾಲಾ ಪಾಠಗಳಲ್ಲಿ ಇನ್ನಷ್ಟು ಬರಬೇಕು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. 2023ರಲ್ಲಿ ಪರಮವೀರರ ಹೆಸರಿಟ್ಟ 21 ಅಂಡಮಾನ್ ದ್ವೀಪಗಳಲ್ಲಿ ಒಂದು ರಾಣೆಯವರದು.

● ಪದಕದ ವಿನ್ಯಾಸ ಮಾಡಿದವರು ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ, ಸೇನಾಧಿಕಾರಿ ವಿಕ್ರಮ್ ಖಾನೋಲ್ಕರ್ ಅವರ ಕೈಹಿಡಿದು ಭಾರತೀಯರಾದ ಸಾವಿತ್ರಿ ಖಾನೋಲ್ಕರ್. ಕಂಚಿನ ಮೇಲೆ ಇಂದ್ರನ ವಜ್ರಾಯುಧ ನಾಲ್ಕು ಬಾರಿ ಮೂಡಿದೆ. ಅದು ದಧೀಚಿಯ ಮೂಳೆಯಿಂದಾದ ಕಥೆ ನೆನಪಿದೆಯಲ್ಲ? ಮೊದಲ ಪದಕ ಸಂದದ್ದು ಅವರ ಬೀಗರ ಮನೆಯವರಿಗೇ: ಮಗಳ ಗಂಡನ ಸಹೋದರ ಮೇಜರ್ ಸೋಮನಾಥ ಶರ್ಮಾ. ಹಾಕಿಯಾಟದಲ್ಲಿ ಮುರಿದ ಎಡಗೈಗೆ ಪ್ಲಾಸ್ಟರ್ ಹಾಕಿಕೊಂಡೇ ಅವರು 1947ರ ನವೆಂಬರ್ 3ರಂದು ಬದ್ಗಾಮ್‌ನಲ್ಲಿ ಯೋಧರ ಬಂದೂಕುಗಳಿಗೆ ಗುಂಡು ತುಂಬಿಕೊಡುತ್ತಿದ್ದರು.

● ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದು ಪರಮವೀರ ಚಕ್ರ ಪಡೆದವರು ಒಬ್ಬರೇ: ಗುರುಬಚನ್ ಸಿಂಗ್ ಸಲಾರಿಯಾ, ಕಾಂಗೋ, 1961.

● ಕಾಶ್ಮೀರದ ಅದೇ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕ್ ಹತ್ತಿಸಿ ಎದುರಾಳಿಯನ್ನು ಬೆಚ್ಚಿಬೀಳಿಸಿದ ಸೇನಾನಿ ಕೊಡಗಿನ ಕೆ.ಎಸ್. ತಿಮ್ಮಯ್ಯ. ಗುಟ್ಟು ರಟ್ಟಾಗದಂತೆ ಟ್ಯಾಂಕುಗಳ ಮೇಲ್ಭಾಗ ಕಳಚಿ, ಮುಚ್ಚಿ ಸಾಗಿಸಲಾಗಿತ್ತು. ಬರ್ಮಾ ರಣರಂಗದ ಸಾಹಸಕ್ಕೆ ಅವರಿಗೆ ಆಗಲೇ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕ ಬಂದಿತ್ತು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಆ ಕಡೆ ಹೋದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ.