ಅಕ್ಕನ 'ಪಿತ್ತ'

ಕಳೆದ ದೀಪಾವಳಿಗೆ ಬೆಂಗಳೂರಿಂದ ಬನಹಟ್ಟಿಗೆ ಹೋಗಿದ್ದೆ. ಮೆಟ್ಟಿಲು ಹತ್ತುತ್ತಿದ್ದ ಅಕ್ಕ ನಡುವೆ ನಿಂತಳು. ಮೈಯೆಲ್ಲ ಬೆವರು, ಬೆನ್ನು ನೋವು, ದವಡೆ ನೋವು.

"ಏನಿಲ್ಲ ಬಿಡವ್ವಾ, ಪಿತ್ತ ಆಗೇತಿ."

ಹತ್ತಿರದ ಕ್ಲಿನಿಕ್‌ನಲ್ಲೂ ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ಮೂರನೇ ದಿನ ದೊಡ್ಡಾಸ್ಪತ್ರೆಯಲ್ಲಿ ಇಸಿಜಿ, ಆಮೇಲೆ ಸ್ಟೆಂಟ್. ಅವಳಿಗೆ ವಯಸ್ಸು 41.

ಹೆಣ್ಣುಮಕ್ಕಳಿಗೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಉಸಿರಾಟದ ತೊಂದರೆ, ವಾಕರಿಕೆ, ಬೆನ್ನು-ದವಡೆ ನೋವು, ವಿಪರೀತ ಸುಸ್ತು ಅವರಲ್ಲಿ ಹೆಚ್ಚು. ಅದನ್ನೇ ನಾವು ಪಿತ್ತ ಅಂತೀವಿ. ಬಸುರಿದ್ದಾಗ ಅಕ್ಕನಿಗೆ ಬಿಪಿ ಬಂದಿತ್ತು. ಅದೂ ಮುಂದೆ ಹೃದಯಕ್ಕೆ ಅಪಾಯದ ಸೂಚನೆಯಂತೆ. ಹೆರಿಗೆ ಆದಮೇಲೆ ಯಾರೂ ಅದರ ಸುದ್ದಿ ಎತ್ತಲಿಲ್ಲ.

ಅವಳದು ಜಮಖಂಡಿಯಲ್ಲಿ ಕುರ್ಚಿ ಕೆಲಸ. ಬೆಳಿಗ್ಗೆ ಐದಕ್ಕೆದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಸ್ ಹಿಡೀತಾಳೆ. ಕಚೇರಿಯಲ್ಲಿ ದಿನಕ್ಕೆ ಐದು ಚಹಾ. ಜಮಖಂಡಿ, ಮುಧೋಳ, ಬೀಳಗಿ ಅಂದ್ರೆ ಕಬ್ಬಿನ ಸೀಮೆ, ಚಹಾದಾಗ ಸಕ್ಕರೆ ಕಡಿಮೆಯಾದ್ರೆ ಮರ್ಯಾದೆನೇ ಕಡಿಮೆ! ಸಂಜೆ ಮತ್ತೆ ಒಲೆ ಮುಂದೆ. 'ವಾಕಿಂಗ್ ಮಾಡ್ರಿ' ಅಂತ ಹೇಳೋರು ಆ ವಾಕಿಂಗ್‌ಗೆ ಯಾವ ಹೊತ್ತು ಅಂತ ಹೇಳಲ್ಲ. ಅವಳ ಮೈ ಬೆಳೆದದ್ದು ಸೋಮಾರಿತನದಿಂದ ಅಂದ್ರೆ ನಾನು ಒಪ್ಪಲ್ಲ.

ಇದು ಅಕ್ಕ ಒಬ್ಬಳ ಕಥೆಯೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ತೂಕ ಹೆಚ್ಚಿರೋ ಮಹಿಳೆಯರು 2015-16ರಲ್ಲಿ ಶೇ. 23.3 ಇದ್ದರು, 2019-21ರಲ್ಲಿ ಶೇ. 30.1 ಆದರು.

ತೂಕಕ್ಕಿಂತ ಸೊಂಟದ ಅಳತೆ ನೋಡಿ. ಹೊಟ್ಟೆಯೊಳಗೆ ಕೂಡಿದ ಕೊಬ್ಬು ಬಿಪಿ, ಶುಗರ್ ಎರಡನ್ನೂ ಏರಿಸುತ್ತೆ. ನಮ್ಮ ಹೆಣ್ಣುಮಕ್ಕಳಿಗೆ ಮಿತಿ 80 ಸೆಂ.ಮೀ., ಅಂದ್ರೆ ಸುಮಾರು ಮೂವತ್ತೊಂದೂವರೆ ಇಂಚು. ಟೇಲರ್ ಟೇಪು ಸಾಕು. ನಾನೂ ಅಳೆದುಕೊಂಡೆ: 86. ದಿನಾ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತ ಫಲ.

ಇನ್ನೊಂದು ಮಾತು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆ ಮಟ್ಟದಲ್ಲೇ ಇಸಿಜಿ ತೆಗೆದು, ಹೃದಯಾಘಾತ ಆಗಿದ್ರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಗ್ಯಾಸ್ ಮಾತ್ರೆ ನುಂಗೋ ಮೊದಲು ಇಸಿಜಿ ಕೇಳಿ.

ಅಕ್ಕ ಈಗ ಸಂಜೆ ಒಂದು ಸ್ಟಾಪ್ ಮೊದಲೇ ಇಳಿದು ನಡೀತಾಳೆ. ಮಾಮಾ ರೊಟ್ಟಿ ಬಡಿಯೋದು ಇನ್ನೂ ಕಲಿತಿಲ್ಲ, ವಾರಕ್ಕೆ ಮೂರು ದಿನ ಖಾನಾವಳಿಯಿಂದ ತರ್ತಾರೆ. ಆ ದಿನ ಅವಳು ಏಳೋದು ಆರಕ್ಕೆ.