ಲ್ಯಾಪ್‌ಟಾಪ್ ತಂಬೂರಿ ಶ್ರುತಿ ತಪ್ಪಿದರೆ ಏನು ಮಾಡೋದು?

ಯಾದಗಿರಿ, ಶಹಾಪುರ, ಸುರಪುರ ಕಡೆಯವರಿಗೆ ಭಜನಿ ಅಂದ್ರೇನು ಅಂತ ಹೇಳಿಕೊಡಬೇಕಿಲ್ಲ. ಇದು ತಿಂಥಣಿ ಮೌನೇಶ್ವರ, ಕೊಡೇಕಲ್ ಬಸವಣ್ಣನವರ ಸೀಮೆ. ಪಕ್ಕದ ಜೇವರ್ಗಿ ಕಡೆಗೆ ಹೋದರೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಊರು. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ಕೇಳ್ತಾ ಬೆಳೆದ ಹುಡುಗರು ಹಾಸ್ಟೆಲಿಗೆ ಬಂದ ಮ್ಯಾಲೂ ಹಾಡೋದು ಬಿಡೋದಿಲ್ಲ. ಆದರೆ ರೂಮಿನಲ್ಲಿ ತಂಬೂರಿ ಎಲ್ಲಿಂದ ತರೋದು? ಹಂಗಾಗಿ ಪೈಥಾನಿನಲ್ಲಿ ಐವತ್ತು ಸಾಲು ಬರೆದು ನಾಲ್ಕು ತಂತಿಯ ತಂಬೂರಿ ಮಾಡಿಕೊಳ್ಳೋದು ಸುಲಭದ ದಾರಿ.

ತೊಂದರೆ ಶುರುವಾಗೋದು ಆಮೇಲೆ. ಪ್ರೋಗ್ರಾಂ ಓಡುತ್ತದೆ, ಎರರ್ ಬರೋದಿಲ್ಲ, ಫೈಲೂ ಸಿದ್ಧವಾಗುತ್ತದೆ. ಕೇಳಿದರೆ ಸದ್ದೇ ಇಲ್ಲ, ಇಲ್ಲವೇ ಗರ್ರ್ ಅನ್ನುತ್ತದೆ, ಇಲ್ಲವೇ ಶ್ರುತಿ ಎಲ್ಲೋ ಹೋಗಿರುತ್ತದೆ. ಕಂಪ್ಯೂಟರ್ ನಮ್ಮ ಸಾಲಿನ ತಪ್ಪು ಹಿಡಿಯುತ್ತದೆ, ಸ್ವರದ ತಪ್ಪು ಹಿಡಿಯೋದಿಲ್ಲ. ಶ್ರುತಿ ಮೇಲಾಗಿದ್ದರೆ ಹಾಡುವ ಹಿರಿಯರ ಗಂಟಲಿಗೆ ಹೊಡೆತ. ಕೂತವರು "ಅಜ್ಜಗ ದನಿ ಏಳವಲ್ದು" ಅಂತಾರೆಯೇ ಹೊರತು ಲ್ಯಾಪ್‌ಟಾಪ್ ಮೇಲೆ ಯಾರೂ ಸಂಶಯ ಪಡೋದಿಲ್ಲ. ಅದಕ್ಕೇ ಈ ದೋಷಗಳನ್ನು ಒಂದೊಂದಾಗಿ ಹಿಡಿಯೋದು ಹೇಗೆ ಅಂತ ನೋಡೋಣ.

ಮೊದಲು ದಾರಿಯನ್ನು ಎರಡು ಭಾಗ ಮಾಡಿ

ಪ್ರೋಗ್ರಾಂ ಅಂಕಿಗಳನ್ನು ಹುಟ್ಟಿಸುತ್ತದೆ. ಅವು ವೇವ್ ಫೈಲಿಗೆ ಹೋಗುತ್ತವೆ. ಅಲ್ಲಿಂದ ಆಪರೇಟಿಂಗ್ ಸಿಸ್ಟಂ, ಸೌಂಡ್ ಕಾರ್ಡ್, ವೈರ್, ಆಂಪ್ಲಿಫೈಯರ್, ಕೊನೆಗೆ ಸ್ಪೀಕರ್. ಎಲ್ಲಾ ಒಟ್ಟಿಗೆ ಕೆದಕಬೇಡಿ. ಚೆನ್ನಾಗಿರುವ ಒಂದು ಹಾಡನ್ನು ಅದೇ ಲ್ಯಾಪ್‌ಟಾಪಿನಲ್ಲಿ ಹಾಕಿ. ಅದು ಸರಿಯಾಗಿ ಕೇಳಿದರೆ ಫೈಲಿನಿಂದ ಆಚೆಗಿನ ದಾರಿ ಹೆಚ್ಚೂಕಡಿಮೆ ಸರಿ ಇದೆ. ಆಮೇಲೆ ನಿಮ್ಮ ಫೈಲನ್ನು ಫೋನಿಗೆ ಕಳಿಸಿ ಕೇಳಿ. ಅಲ್ಲೂ ಅದೇ ದೋಷ ಇದ್ದರೆ ಕಳ್ಳ ಪ್ರೋಗ್ರಾಮಿನಲ್ಲೇ ಇದ್ದಾನೆ. ಮೂರನೆಯದು, ಫೈಲನ್ನು ಆಡಾಸಿಟಿಯಲ್ಲಿ ತೆರೆದು ಅಲೆಯ ಚಿತ್ರ ನೋಡಿ. ಅರ್ಧ ರೋಗ ಅಲ್ಲೇ ಕಾಣುತ್ತದೆ.

ಸದ್ದೇ ಇಲ್ಲ

ಚಿತ್ರದಲ್ಲಿ ಬರೀ ಗೆರೆ ಕಂಡರೆ ಕಾರಣ ಬಹುತೇಕ ಇದು: ಸೈನ್ ಫಂಕ್ಷನ್ ಕೊಡೋದು -1 ರಿಂದ +1 ರ ನಡುವಿನ ದಶಾಂಶ ಸಂಖ್ಯೆ. 16 ಬಿಟ್ ಫೈಲಿಗೆ ಬೇಕಿರೋದು -32768 ರಿಂದ 32767 ರ ನಡುವಿನ ಪೂರ್ಣಾಂಕ. ದಶಾಂಶವನ್ನು ನೇರವಾಗಿ ಪೂರ್ಣಾಂಕ ಮಾಡಿದರೆ 0.7 ಹೋಗಿ 0 ಆಗುತ್ತದೆ, -0.9 ಕೂಡ 0 ಆಗುತ್ತದೆ. ಫೈಲಿನ ಅಳತೆ ಸರಿ, ಉದ್ದ ಸರಿ, ಒಳಗೆ ಮಾತ್ರ ಮೌನ. ಮೊದಲು 32767 ರಿಂದ ಗುಣಿಸಿ, ಆಮೇಲೆ ಪೂರ್ಣಾಂಕ ಮಾಡಿ. ಕ್ರಮ ತಿರುಗಿದರೆ ಕೆಲಸ ಕೆಟ್ಟಿತು.

ಗರ್ರ್ ಅನ್ನುತ್ತದೆ

ಒಂದೊಂದು ತಂತಿಯೂ ಬೇರೆ ಬೇರೆ ಚೆನ್ನಾಗಿ ಕೇಳುತ್ತದೆ, ಕೂಡಿಸಿದರೆ ಕರ್ಕಶ. ಲೆಕ್ಕ ನೋಡ್ರಿ: 16 ಬಿಟ್ ಅರೇಗಳಲ್ಲಿ 30000 ಮತ್ತು 30000 ಕೂಡಿಸಿದರೆ 60000 ಬರೋದಿಲ್ಲ, ಅಲ್ಲಿ ಜಾಗ ಇಲ್ಲ. 65536 ಕಳೆದು -5536 ಬರುತ್ತದೆ. ಮೇಲೇರಬೇಕಾದ ಅಲೆ ಒಮ್ಮೆಲೇ ಕೆಳಗೆ ಬಿದ್ದಂತೆ. ನಂಪೈ ಅರೇ ಇದಕ್ಕೆ ಎಚ್ಚರಿಕೆಯನ್ನೂ ಕೊಡೋದಿಲ್ಲ. ಆದ್ದರಿಂದ ಕೂಡಿಸುವುದೆಲ್ಲ ದಶಾಂಶದಲ್ಲೇ ಆಗಲಿ. ಒಟ್ಟು ಅಲೆಯ ಅತಿ ದೊಡ್ಡ ಮೌಲ್ಯದಿಂದ ಭಾಗಿಸಿ, 0.8 ರಿಂದ ಗುಣಿಸಿ, ಕೊನೆಗೆ ಪೂರ್ಣಾಂಕ ಮಾಡಿ.

ಇದರ ಉಲ್ಟಾ ಕೂಡ ಉಂಟು. ದಶಾಂಶದ ವೇವ್ ಫೈಲಿನಲ್ಲಿ ಪೂರ್ಣ ಗಟ್ಟಿ ದನಿ ಅಂದರೆ 1. ಅದಕ್ಕೆ 20000 ಬರೆದರೆ ಅಲೆಯ ತಲೆಯೂ ಬುಡವೂ ಕತ್ತರಿಸಿ ಹೋಗಿ ಕಿವಿ ಕೀಳುವ ಸದ್ದು ಬರುತ್ತದೆ. ಹೊಸ ಫೈಲನ್ನು ಮೊದಲ ಸಲ ಕೇಳುವಾಗ ಹೆಡ್‌ಫೋನ್ ಕಿವಿಯಿಂದ ದೂರ ಇರಲಿ, ವಾಲ್ಯೂಮ್ ಕಡಿಮೆ ಇರಲಿ.

ಟಕ್ ಟಕ್ ಅನ್ನುತ್ತದೆ

ಇದರಲ್ಲಿ ಎರಡು ಜಾತಿ. ಪ್ರತಿ ಸಲ ಅದೇ ಜಾಗದಲ್ಲಿ, ಸ್ವರ ಬದಲಾಗುವಾಗಲೇ ಬಂದರೆ ದೋಷ ಫೈಲಿನಲ್ಲಿದೆ. ಅಲೆ ಅರ್ಧಕ್ಕೆ ನಿಂತು ಇನ್ನೊಂದು ಅಲೆ ಬೇರೆ ಎತ್ತರದಿಂದ ಶುರುವಾದರೆ ಆ ಜಿಗಿತವೇ ಟಕ್. ಪ್ರತಿ ಸ್ವರದ ತುದಿಗಳನ್ನು 10 ಮಿಲಿಸೆಕೆಂಡಿನಷ್ಟು, ಅಂದರೆ 44100 ದರದಲ್ಲಿ 441 ಸ್ಯಾಂಪಲ್, ಸೊನ್ನೆಯಿಂದ ಏರಿಸಿ ಸೊನ್ನೆಗೆ ಇಳಿಸಿದರೆ ಹೋಗುತ್ತದೆ.

ಸಲಕ್ಕೊಂದು ಜಾಗದಲ್ಲಿ ಬಂದು, ಆಡಾಸಿಟಿಯ ಚಿತ್ರದಲ್ಲಿ ಎಲ್ಲೂ ಕಾಣದಿದ್ದರೆ ಅದು ಬಫರ್ ಖಾಲಿಯಾಗೋ ಸಮಸ್ಯೆ. ಪ್ರೋಗ್ರಾಂ ನೇರವಾಗಿ ನುಡಿಸುವಾಗ ಇದು ಹೆಚ್ಚು. ಬಫರ್ 256 ಸ್ಯಾಂಪಲ್ ಇದ್ದರೆ ಕಂಪ್ಯೂಟರಿಗೆ ಸಿಗೋದು 5.8 ಮಿಲಿಸೆಕೆಂಡ್ ಮಾತ್ರ. ಹಿಂದೆ ಹತ್ತು ಬ್ರೌಸರ್ ಟ್ಯಾಬ್ ತೆರೆದಿದ್ದರೆ ತಡವಾಗಿಯೇ ಆಗುತ್ತದೆ. 2048 ಮಾಡಿದರೆ 46 ಮಿಲಿಸೆಕೆಂಡ್ ಸಿಗುತ್ತದೆ. ತಂಬೂರಿಗೆ ಅಷ್ಟು ತಡ ಯಾವ ಲೆಕ್ಕ?

ಶ್ರುತಿಯೇ ಬೇರೆ

ಇದು ಎಲ್ಲಕ್ಕಿಂತ ಮೋಸದ ದೋಷ, ಯಾಕಂದ್ರೆ ಕೇಳೋಕೆ ಚೆನ್ನಾಗೇ ಇರುತ್ತದೆ. ಸಿ.ಡಿ.ಗಳ ದರ ಸೆಕೆಂಡಿಗೆ 44100 ಸ್ಯಾಂಪಲ್, ವೀಡಿಯೊ ಜೊತೆ ಬಳಸುವ ದರ 48000. ನೀವು ಅಲೆಯನ್ನು 44100 ಲೆಕ್ಕದಲ್ಲಿ ಹುಟ್ಟಿಸಿ, ಫೈಲಿನ ತಲೆಬರಹದಲ್ಲಿ 48000 ಎಂದು ಬರೆದರೆ ಪ್ಲೇಯರ್ ಅದನ್ನೇ ನಂಬುತ್ತದೆ, ವೇಗವಾಗಿ ಓದುತ್ತದೆ. ಎಲ್ಲ ಸ್ವರ 1.088 ಪಟ್ಟು ಏರುತ್ತವೆ. ಕಪ್ಪು ಒಂದರ ಷಡ್ಜ 277.18 ಹರ್ಟ್ಸ್ ಇರಬೇಕಾದದ್ದು 301.69 ಆಗುತ್ತದೆ. ಹಾರ್ಮೋನಿಯಂನಲ್ಲಿ ಬಿಳಿ ಎರಡು 293.66, ಕಪ್ಪು ಎರಡು 311.13. ಅಂದರೆ ನಿಮ್ಮ ಷಡ್ಜ ಎರಡು ಕೀಗಳ ನಡುವೆ ಕೂತಿದೆ. ಪೇಟಿಯವರು ಯಾವ ಕೀ ಒತ್ತಿದರೂ ಸೇರೋದಿಲ್ಲ.

ಹಿಡಿಯೋ ಉಪಾಯ ಸುಲಭ. ಸರಿಯಾಗಿ 60 ಸೆಕೆಂಡಿನ ಫೈಲ್ ಮಾಡಿ, ಗಡಿಯಾರ ಹಿಡಿದು ಕೂರಿ. 55 ಸೆಕೆಂಡಿಗೆ ಮುಗಿದರೆ ದರ ತಪ್ಪಿದೆ. 30 ಕ್ಕೇ ಮುಗಿದು ದನಿ ತಾರಸ್ಥಾಯಿಗೆ ಹೋದರೆ ಒಂದು ಚಾನೆಲ್ಲಿನ ದತ್ತಾಂಶಕ್ಕೆ ಎರಡು ಚಾನೆಲ್ ಎಂದು ಬರೆದಿದ್ದೀರಿ. 120 ಆಗಿ ದನಿ ಮಂದ್ರಕ್ಕೆ ಇಳಿದರೆ ಅದರ ಉಲ್ಟಾ. ದರವನ್ನು ಒಂದೇ ವೇರಿಯಬಲ್‌ನಲ್ಲಿಟ್ಟು ಎಲ್ಲ ಕಡೆ ಅದನ್ನೇ ಬಳಸಿದರೆ ದರದ ದೋಷ ಹುಟ್ಟೋದೇ ಇಲ್ಲ.

ಎಲ್ಲ ಸರಿ ಇದ್ದೂ ಹಾರ್ಮೋನಿಯಂ ಜೊತೆ ದನಿ ನಿಧಾನವಾಗಿ ತೂಗಿದಂತಾದರೆ ಗಾಬರಿ ಬೇಡ. ತಂಬೂರಿಯ ಪಂಚಮ ಷಡ್ಜದ ಒಂದೂವರೆ ಪಟ್ಟು, 415.77. ಸಮಾನ ಅಂತರಕ್ಕೆ ಟ್ಯೂನ್ ಮಾಡಿದ ಪೇಟಿಯಲ್ಲಿ ಅದೇ ಪಂಚಮ 415.30. ಎರಡು ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ಗಾಂಧಾರದಲ್ಲಿ ಈ ಅಂತರ ಹೆಚ್ಚು: 346.48 ಮತ್ತು 349.23. ಇದು ಬಗ್ ಅಲ್ಲ, ಎರಡು ಶ್ರುತಿ ಪದ್ಧತಿಗಳ ವ್ಯತ್ಯಾಸ. ನಿಮ್ಮ ಕೋಡನ್ನು ತಿದ್ದಿ ಕೆಡಿಸಬೇಡಿ.

ವೇದಿಕೆ ಮೇಲೆ

ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿದ್ದು ಮೈಕ್‌ಸೆಟ್‌ನಲ್ಲಿ ಮಾಯವಾದರೆ ಕೇಬಲ್ ನೋಡಿ. ಲ್ಯಾಪ್‌ಟಾಪಿನ ಸ್ಟೀರಿಯೊ ಪಿನ್ನನ್ನು ಮಿಕ್ಸರಿನ ಬ್ಯಾಲೆನ್ಸ್ಡ್ ಮೊನೊ ಇನ್‌ಪುಟ್‌ಗೆ ಸಿಕ್ಕಿಸಿದರೆ, ಅದು ಎಡದಿಂದ ಬಲವನ್ನು ಕಳೆಯುತ್ತದೆ. ತಂಬೂರಿ ಎರಡರಲ್ಲೂ ಒಂದೇ, ಕಳೆದರೆ ಸೊನ್ನೆ. ಎಡ ಬಲ ಬೇರೆ ಮಾಡುವ ಕೇಬಲ್ ಹಾಕಿ. ಗುಂಯ್ ಎಂಬ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ಕರೆಂಟಿನ 50 ಹರ್ಟ್ಸ್ ಗದ್ದಲ, ಬ್ಯಾಟರಿ ಮೇಲೆ ನುಡಿಸಿ. ಅರ್ಥಿಂಗ್ ಪಿನ್ ಮಾತ್ರ ಎಂದೂ ಕೀಳಬೇಡಿ, ಮೈಕ್ ಹಿಡಿದವರ ಜೀವದ ಪ್ರಶ್ನೆ. ಬ್ಲೂಟೂತ್ ಸ್ಪೀಕರ್ ತಂಬೂರಿಗೆ ನಡೆಯುತ್ತದೆ, ತಾಳಕ್ಕೆ ನಡೆಯೋದಿಲ್ಲ. ತಡವಾಗಿ ಬಂದ ತಾಳಕ್ಕೆ ದಮ್ಮಡಿ ಹೊಂದೋದು ಹೇಗೆ?

ಕೊನೆಗೊಂದು ಮಾತು. ರಜೆಗೆ ಊರಿಗೆ ಹೋದಾಗ ಹಿರಿಯರ ಪದಗಳನ್ನು ರೆಕಾರ್ಡ್ ಮಾಡೋರು ನಮ್ಮಲ್ಲಿ ಇದ್ದಾರೆ. ದರದ ದೋಷ ಆ ಫೈಲಿಗೂ ತಗಲಬಹುದು. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ತಲೆಬರಹ ಬದಲಾದರೆ, ಮುಂದೆ ಕೇಳುವವರಿಗೆ ಅಜ್ಜನ ದನಿ ಬೇರೆಯೇ ದನಿ. ಹಾಡು ಶುರುವಾಗೋ ಮುಂಚೆ 440 ಹರ್ಟ್ಸ್ ಟ್ಯೂನಿಂಗ್ ಫೋರ್ಕಿನ ಸದ್ದನ್ನು ಹತ್ತು ಸೆಕೆಂಡ್ ಅದೇ ಫೈಲಿನಲ್ಲಿ ಸೇರಿಸಿಬಿಡಿ. ಇಪ್ಪತ್ತು ವರ್ಷದ ಮೇಲೆ ಯಾರೋ ಟ್ಯೂನರ್ ಹಿಡಿದು ನೋಡಿದಾಗ ಅದು 479 ತೋರಿಸಿದರೆ, ಏನು ತಪ್ಪಿದೆ, ಎಷ್ಟು ತಿದ್ದಬೇಕು ಎರಡೂ ಅವರಿಗೆ ಗೊತ್ತಾಗುತ್ತದೆ.